ಕಸಕ್ಕೆ ಬೀಳಬೇಕಾದ ಬಾಟಲಿ

ನನ್ನ ಹೆಂಡತಿ ಶಿಲ್ಪಶ್ರೀ ಪೊಟ್ಟಣ, ಬಾಟಲಿಗಳಿಗೆ ಚಿತ್ರ ಬರೆಯುವವಳು. ಅವಳ ಜೊತೆ ಅಂಗಡಿಗೆ ಹೋಗುವುದು ಶಿಕ್ಷೆ. ಕೊಳ್ಳುವುದು ಬಿಟ್ಟು ಉಪ್ಪಿನಕಾಯಿ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಅಯ್ಯೋ, ಇಷ್ಟೊಂದು ಬಣ್ಣ ಯಾಕೆ ಸುರ್ದಿದಾರೆ?" ಎಂದು ಗೊಣಗುತ್ತಾಳೆ. ನಿನ್ನ ಕಸುಬು ಬರೆಯೋದಲ್ಲ, ಅಳಿಸೋದು ಎಂದು ನಾನು ರೇಗಿಸುವುದುಂಟು.

ಹೋದ ವರ್ಷ ಕೆಲಸ ಬಿಟ್ಟು, ಹೊಸಕೆರೆಹಳ್ಳಿಯ ನಮ್ಮ ಮನೆಯ ಊಟದ ಮೇಜನ್ನೇ ಆಫೀಸು ಮಾಡಿಕೊಂಡಳು. ಸ್ವಂತವಾಗಿ ಸಿಕ್ಕಿದ ಮೊದಲ ದೊಡ್ಡ ಕೆಲಸ ಜೆ.ಪಿ. ನಗರದ ರೇವಂತ್‌ನದು. ಶಿವರಾತ್ರಿಗೆ ಮಾಡುವ ಬೇಲದ ಹಣ್ಣಿನ ಪಾನಕವನ್ನು ವರ್ಷವಿಡೀ ಬಾಟಲಿಯಲ್ಲಿ ಮಾರಲು ಹೊರಟವನು. "ಶಿವ ಇರ್ಬೇಕು ಮೇಡಂ, ಆದ್ರೆ ಕ್ಯಾಲೆಂಡರ್ ಶಿವ ಬೇಡ. ಸಖತ್ ಸಿಂಪಲ್ಲಾಗಿರ್ಲಿ," ಅಂದಿದ್ದ. ಇದು ಕೈತಪ್ಪಿದರೆ ಶಿಲ್ಪ ಮತ್ತೆ ಹಳೇ ಆಫೀಸಿನ ಬಾಗಿಲು ತಟ್ಟಬೇಕಿತ್ತು.

ಅವಳು ಬರೆದಳು, ಅಳಿಸಿದಳು. ಡಮರು ಹೋಯಿತು, ತ್ರಿಶೂಲ ಹೋಯಿತು, ಜಟೆಯ ಚಂದ್ರನೂ ಹೋದ. ಕೊನೆಗೆ ಉಳಿದದ್ದು ಬಾಟಲಿಗೆ ಅಡ್ಡಲಾಗಿ ಮೂರು ಬಿಳಿ ಗೆರೆ, ಅಷ್ಟೆ. ರೇವಂತ್ ಕುಣಿದಾಡಿದ. ಪಾನಕ ತುಂಬಿದ ಮಾದರಿ ಬಾಟಲಿಗಳ ಒಂದು ಪೆಟ್ಟಿಗೆ ಮನೆಗೂ ಬಂತು. ನನ್ನ ಅಪ್ಪ ಗುರುಶಾಂತಪ್ಪ ದಿನಾ ಮಧ್ಯಾಹ್ನ ಒಂದು ಕುಡಿದು, "ಭೇಷ್ ಕಣಮ್ಮ," ಅನ್ನುತ್ತಿದ್ದರು.

ಲೇಬಲ್ಲು ಅಚ್ಚಿಗೆ ಹೋಗುವ ಹಿಂದಿನ ದಿನ ಬೆಳಿಗ್ಗೆ, ಅಪ್ಪನ ಮಂಚದ ಕೆಳಗೆ ಗುಡಿಸಲು ಬಗ್ಗಿದ ಶಿಲ್ಪ ಅಲ್ಲೇ ಕೂತುಬಿಟ್ಟಳು. ಕುಡಿದಿಟ್ಟ ಬಾಟಲಿಗಳಷ್ಟೂ ಅಲ್ಲಿದ್ದವು. ತೊಳೆದು, ಒರೆಸಿ, ಒಗೆದ ಪಂಚೆಯಲ್ಲಿ ಸುತ್ತಿಟ್ಟಿದ್ದರು.

"ಇದೇನು ಮಾವ?"

ಅಪ್ಪ ಆಗಷ್ಟೇ ಪೂಜೆ ಮುಗಿಸಿ ಎದ್ದಿದ್ದರು. ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತರು. "ವಿಭೂತಿ ಇರೋದನ್ನ ಕಸಕ್ಕೆ ಹೆಂಗಮ್ಮ ಹಾಕ್ಲಿ? ಯಾರ್ಯಾರೋ ತುಳೀತಾರೆ. ನಿಂಗೆ ಹೇಳಿದ್ರೆ ನಿನ್ ಕೆಲ್ಸ ಕೆಡುತ್ತೆ. ಇರ್ಲಿ ಬಿಡು, ಮಂಚದ ಕೆಳ್ಗೆ ಬೇಕಾದಷ್ಟು ಜಾಗ ಇದೆ."

ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ಅಪ್ಪ ದಿನಾ ಹಣೆಗೆ ಹಚ್ಚಿಕೊಳ್ಳುವ ವಿಭೂತಿಯನ್ನೇ ಅವಳು ಬಾಟಲಿಗೆ ಬರೆದಿದ್ದಳು. ಅಂಗಡಿಯಲ್ಲಿ ಅದು ಎಷ್ಟು ಚೆಂದ ಕಾಣುತ್ತದೆ ಎಂದು ಯೋಚಿಸಿದವಳು, ಖಾಲಿಯಾದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿರಲಿಲ್ಲ.

ತಕ್ಷಣ ರೇವಂತ್‌ಗೆ ಫೋನು ಮಾಡಿ ಎಲ್ಲ ಹೇಳಿ, ಅಚ್ಚು ನಿಲ್ಲಿಸಿ ಅಂದಳು. ಅವನು ರೇಗಿದ. "ಇಷ್ಟು ದಿನ ಆದ್ಮೇಲೆ ಈಗ ಹೇಳ್ತೀರಲ್ಲ ಮೇಡಂ! ಶುಕ್ರವಾರದೊಳಗೆ ಬೇರೆ ಕೊಡಿ, ಇಲ್ಲಾಂದ್ರೆ ನಾನು ಬೇರೆಯವ್ರನ್ನ ನೋಡ್ಕೋತೀನಿ."

"ನಿಂಗೇನು ತಲೆ ಕೆಟ್ಟಿದ್ಯಾ?" ಅಂದೆ ನಾನು.

"ಮಾವ ಮಂಚದ ಕೆಳಗೆ ಇಟ್ರು. ಮಿಕ್ಕೋರು ಎಲ್ಲಿ ಇಡ್ಬೇಕು ಹೇಳಿ?"

ಮೂರು ಗೆರೆಯೂ ಹೋಯಿತು. ಬಾಟಲಿ ಬೋಳಾಗಿ ನಿಂತಿತು. ಗುರುವಾರ ಅದರ ಕತ್ತಿಗೆ ನೀಲಿ ಕಾಗದದ ಒಂದು ಪಟ್ಟಿ ಅಂಟಿಸಿದಳು. ವಿಷ ಕುಡಿದವನ ಕತ್ತಿನ ನೀಲಿ. ಬೇರೇನೂ ಇಲ್ಲ. ಫೋಟೋ ನೋಡಿದ ರೇವಂತ್, "ಇದು ಅದಕ್ಕಿಂತ ಸಖತ್ತಾಗಿದೆ ಮೇಡಂ, ಪ್ರಿಂಟಿಗೆ ಹಾಕ್ಲಾ?" ಎಂದು ಕೇಳಿದ. ಸ್ವಲ್ಪ ತಡೀರಿ ಎಂದು ಶಿಲ್ಪ, ಆ ಬಾಟಲಿಯನ್ನು ಅಪ್ಪನ ಕೈಗೆ ಕೊಟ್ಟಳು.

ಅಪ್ಪ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಚೆನ್ನಾಗಿದೆಯಮ್ಮ. ಆದ್ರೆ ಇದ್ರಲ್ಲಿ ಶಿವ ಎಲ್ಲಿ?"

"ಕುಡೀರಿ ಮಾವ, ಆಮೇಲೆ ಹೇಳ್ತೀನಿ."

ಕುಡಿದರು, ಬಾಯಿ ಒರೆಸಿಕೊಂಡರು. ಟಿ.ವಿ. ನೋಡುತ್ತಲೇ ಖಾಲಿ ಬಾಟಲಿಯನ್ನು ಪಕ್ಕದ ಕಸದ ಡಬ್ಬಿಗೆ ಎಸೆದರು.

ಶಿಲ್ಪ ಅತ್ತೇಬಿಟ್ಟಳು.

ಅಪ್ಪ ಗಾಬರಿಯಾಗಿ ಎದ್ದರು. "ಯಾಕಮ್ಮ, ಎಸೀಬಾರ್ದಿತ್ತಾ?" ಎಂದು ಡಬ್ಬಿಗೆ ಕೈ ಹಾಕಲು ಬಗ್ಗಿದರು.

ಅವಳು ಅವರ ಕೈ ಹಿಡಿದುಕೊಂಡಳು. "ತೆಗೀಬೇಡಿ ಮಾವ. ಅಲ್ಲೇ ಇರ್ಲಿ."