ಕೇಬಲ್ ಹೊರಗಿರುವ ಸೀಟು

ಮಾನ್ವಿ ಕಡೆಯ ಕಲ್ಲುಗುಡ್ಡ ಇಳಿಯುವಾಗೆಲ್ಲ ಸೈಕಲ್ಲಿನ ಎತ್ತರದ ಸೀಟು ನನ್ನನ್ನು ಮುಂದಕ್ಕೆ ದಬ್ಬುತ್ತಿತ್ತು. ಹ್ಯಾಂಡಲ್‌ನ ಗುಂಡಿ ಒತ್ತಿ ಭಾರ ಹಾಕಿದರೆ ಇಳಿಯುವ, ಒತ್ತಿ ಮೇಲೆದ್ದರೆ ತಾನೂ ಏರುವ ಸೀಟ್‌ಪೋಸ್ಟ್ ಎಂಬ ಸೀಟಿನ ಕಂಬ ಇದೆಯೆಂದು ತಿಳಿದಾಗಿನಿಂದ ಕೂತಲ್ಲಿ ನಿಂತಲ್ಲಿ ಅದೇ ಧ್ಯಾನ. ಅದರಲ್ಲಿ ಎರಡು ಬಗೆ. ಒಂದರಲ್ಲಿ ಗುಂಡಿಯಿಂದ ಸೀಟಿಗೆ ಬರುವ ಕೇಬಲ್ ಫ್ರೇಮಿನೊಳಗೆ ಹೋಗುತ್ತದೆ, ಇನ್ನೊಂದರಲ್ಲಿ ಹೊರಗೆ. ನನ್ನ ಹಳೇ ಫ್ರೇಮಿನಲ್ಲಿ ಕೇಬಲ್ ತೂರಿಸಲು ತೂತೇ ಇರಲಿಲ್ಲ.

"ತೂತು ಹಾಕೂಣೇನ್ರಿ ಅಕ್ಕಾ?" ರಾಯಚೂರಿನ ಸೈಕಲ್ ಮೇಸ್ತ್ರಿ ಡ್ರಿಲ್ ಎತ್ತಿಯೇಬಿಟ್ಟ.

"ಇದೇನ್ ನೀರಿನ ಪೈಪೇನ್ರಿ? ಕೇಬಲ್ ಹೊರಗಿರೂದನ್ನ ತರಸ್ತೀನಿ!" ಎಂದು ಚೀರಿದೆ.

ಪಾರ್ಸಲ್ ಬಂದ ದಿನ ಆತ ಅಕ್ಕಿಚೀಲ ಹೊಲಿಯುವ ದಾರದಿಂದ ಕೇಬಲನ್ನು ಫ್ರೇಮಿಗೆ ಬಿಗಿದು ಕಟ್ಟಿದ. ಗುಡ್ಡಕ್ಕೆ ಹೋಗುವ ಮೊದಲು ಅವ್ವನಿಗೆ ತೋರಿಸಬೇಕೆಂದು ಮನೆಗೆ ಹಾರಿಕೊಂಡು ಬಂದೆ. ಅವ್ವ ಜೀವಮಾನದಲ್ಲಿ ಸೈಕಲ್ ಹತ್ತಿದವಳಲ್ಲ. ಕೇಳಿದಾಗೆಲ್ಲ, ಸೀಟು ಎತ್ತರ ಎಂಬುದೊಂದೇ ನೆಪ. ಅವಳ ಕಣ್ಣೆದುರೇ ಸೀಟು ಪೂರ್ತಿ ಇಳಿಸಿ, "ಈಗ ಕೂಡು ಯವ್ವಾ" ಎಂದೆ.

ಸೆರಗು ಸಿಕ್ಕಿಸಿ, ಸೀರೆ ಎತ್ತಿಕಟ್ಟಿ ಕೂತೇಬಿಟ್ಟಳು. ನಾನು ಹಿಂದೆ ಹಿಡಿದು ನೂಕುತ್ತಾ ಓಡಿದೆ. ಓಣಿಯ ತುದಿ ಮುಟ್ಟುವಷ್ಟರಲ್ಲಿ ನನಗೆ ಏದುಸಿರು. ಅವ್ವ ಕಾಲೂರಿ, ತಿರುಗಿ ನೋಡಿ ಗದರಿದಳು:

"ಇಷ್ಟ ತೆಳಗ ಕುಂತ್ರ ಏನ್ ಕಾಣತೈತಿ? ಮ್ಯಾಲ ಎತ್ತಬೇ!"