ಒಳಗೆ ಬಿಡದ ಕಂಪ್ಯೂಟರ್

"ಹ್ವಾಯ್, ಕಂಪ್ಯೂಟರ್ ನನ್ನ ಒಳ್ಗೆ ಬಿಡ್ತಿಲ್ಲೆ. ನನ್ ಕೆಲ್ಸ ಹೋಯ್ತಾ?" ಉಪ್ಪುಂದದ ಶಾಖೆಯಿಂದ ಫೋನ್ ಮಾಡಿ ಕೇಳಿದರು ಗುಮಾಸ್ತೆ ಜಲಜಕ್ಕ. ಆಪರೇಷನ್ನಿಗೆಂದು ಹಾಕಿದ ದೀರ್ಘ ರಜೆ ಮುಗಿಸಿ ಅವರು ಅಂದೇ ಕೆಲಸಕ್ಕೆ ಮರಳಿದ್ದರು.

ಕುಂದಾಪುರದ ನಮ್ಮ ಮೀನು ಕಂಪನಿಯ ಸರ್ವರ್‌ ಕಂಪ್ಯೂಟರಿಗೆ ಶಾಖೆಯವರು ದೂರದಿಂದಲೇ ಸುರಕ್ಷಿತವಾಗಿ ಲಾಗಿನ್ ಆಗಲೆಂದು, ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ನಾನು ಎಲ್ಲರ ಖಾತೆಗಳನ್ನೂ ಡೈರೆಕ್ಟರಿ ಎಂಬ ಒಂದೇ ಪಟ್ಟಿಗೆ ಸೇರಿಸಿದ್ದೆ. ಬಹಳ ದಿನ ಬಳಸದ ಖಾತೆಗಳನ್ನು ಕೆಲಸ ಬಿಟ್ಟವರವೆಂದು ಭಾವಿಸಿ ಮುಚ್ಚಿದ್ದೆ. ಜಲಜಕ್ಕನದೂ ಅದರಲ್ಲಿ ಸೇರಿಹೋಗಿತ್ತು.

"ಇಲ್ಲ ಅಕ್ಕ, ತಪ್ಪ್ ನಂದ್. ಈಗ್ಳೇ ಸರಿ ಮಾಡ್ತೆ" ಎಂದೆ. ಖಾತೆ ತೆರೆದುಕೊಂಡಿತು. "ಹಾಂ, ನನ್ ಹೆಸ್ರ್ ಬಂತ್" ಎಂದವರು ಫೋನ್ ಇಡದೆ ಅತ್ತರು.

ಈಗ ಯಾವ ಖಾತೆ ಮುಚ್ಚುವ ಮೊದಲೂ ಆ ಖಾತೆಯವರಿಗೊಮ್ಮೆ ಫೋನ್ ಮಾಡುತ್ತೇನೆ. ಹೆಚ್ಚಿನವರು ಕೆಲಸ ಬಿಟ್ಟಿರುತ್ತಾರೆ. ಆದರೂ ತಮ್ಮನ್ನು ಯಾರೋ ವಿಚಾರಿಸಿದರೆಂದು ಖುಷಿಪಡುತ್ತಾರೆ.