ಹಲಗೆಯ ಹಿಂದಿನ ಮಗ್ಗದ ಸದ್ದು

ಬೆಟಗೇರಿಯ ನೇಕಾರರ ಓಣಿಯ ನಯಾಜ ಹದಿನೆಂಟು ವರ್ಷ ಮನೆಯ ಹಿಂದಿನ ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡಿದವನು. ಲಕ್ಷ್ಮೇಶ್ವರದ ಭಜನಾ ಮಂಡಳಿ, ಶಿರಹಟ್ಟಿಯ ತತ್ವಪದದವರು, ಮೊಹರಮ್ಮಿನ ರಿವಾಯತ್ ಹಾಡುವವರು, ಎಲ್ಲರೂ ಅವನ ಮೈಕಿನ ಮುಂದೆ ಕೂತವರೇ. ಹಲಗೆ, ಡೊಳ್ಳು, ತಾಳಗಳ ಒಂದೊಂದು ಪೆಟ್ಟನ್ನೂ ಬೇರೆಬೇರೆಯಾಗಿ ಹಿಡಿದು, ಕೀಬೋರ್ಡ್ ಒತ್ತಿದರೆ ನುಡಿಯುವ ಹಾಗೆ ಕಂಪ್ಯೂಟರಿನಲ್ಲಿ ಒಂದು ಪ್ಲಗಿನ್ ಮಾಡಿಕೊಂಡಿದ್ದ. ಇಡೀ ಜಿಲ್ಲೆಯಲ್ಲಿ ಅಂಥದ್ದು ಇನ್ನೊಬ್ಬರ ಹತ್ತಿರ ಇರಲಿಲ್ಲ.

ಒಂದು ದಿನ ಹರ್ತಿಯ ಫಕ್ಕೀರವ್ವ ಬಂದಳು. ಆಕೆಯ ಸೋಬಾನೆ ಪದಗಳನ್ನು ಅವನು ಹಿಂದಿನ ತಿಂಗಳಷ್ಟೇ ಮುಗಿಸಿ ಕೊಟ್ಟಿದ್ದ.

"ತಮ್ಮಾ, ಹಾಡಿನ ತುಂಬ ಏನೋ ಸುಯ್ ಅಂತೈತೆಪಾ. ಹಿಂಗ್ಯಾಕ ಬಿಟ್ಟಿ?"

ನಯಾಜ ಮತ್ತೆ ಮತ್ತೆ ಹಾಕಿ ಕೇಳಿದ. ಅವನಿಗೆ ಏನೂ ಕೇಳಿಸಲಿಲ್ಲ. ಹೆಂಡತಿ ಮುಮ್ತಾಜಳನ್ನು ಕರೆದ. ಆಕೆ ತಲೆ ತಗ್ಗಿಸಿ, "ಹೌದ್ರಿ, ಐತಿ" ಅಂದಳು.

ಹುಬ್ಬಳ್ಳಿಯ ಡಾಕ್ಟರು ಕಿವಿಯ ನರ ಸೋತಿದೆ ಅಂದರು. ಮಷೀನು ಹಾಕಿಕೊಂಡರೆ ಎದುರಿನವರ ಮಾತು ತಿಳಿಯುತ್ತದೆ, ಸಣ್ಣ ಸದ್ದುಗಳು ಮಾತ್ರ ತಿರುಗಿ ಬರುವುದಿಲ್ಲ. ನಯಾಜ ವಾರಗಟ್ಟಲೆ ಕೋಣೆಯ ಬಾಗಿಲು ತೆಗೆಯಲಿಲ್ಲ. ಆಮೇಲೆ ಮುಂಡರಗಿಯ ದುರ್ಗಾಗೆ ಮುಮ್ತಾಜಳಿಂದ ಫೋನ್ ಹಚ್ಚಿಸಿ ತಾನೇ ಮಾತಾಡಿದ. ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದ ಆಕೆ ತನ್ನದೇ ರೆಕಾರ್ಡಿಂಗ್ ಕೋಣೆ ಹಾಕಿಕೊಂಡಿದ್ದಳು.

"ಟೀಚರ್, ನಾ ತುಂಬಿಟ್ಟ ಹಲಗಿ, ಡೊಳ್ಳಿನ ಸಪ್ಪಳೆಲ್ಲಾ ನೀವು ಒಯ್ಯಿರಿ. ಇಲ್ಲಿದ್ರ ಹಾಳಾಗತಾವು."

ಮರು ಭಾನುವಾರ ದುರ್ಗಾ ಲ್ಯಾಪ್‌ಟಾಪ್ ಮತ್ತು ಹೊಸದೊಂದು ಡ್ರೈವ್ ಹಿಡಿದು ಬಂದಳು. ನಯಾಜ ಬೆಳಿಗ್ಗೆ ಕಾಪಿಗೆ ಹಾಕಿದ. ಫೈಲುಗಳೆಲ್ಲ ದಾಟಿ ಮುಗಿಯುವಾಗ ಮಧ್ಯಾಹ್ನದ ಊಟವೂ ಆಗಿತ್ತು. ಆದರೆ ಆಕೆಯ ಲ್ಯಾಪ್‌ಟಾಪಿನಲ್ಲಿ ಪ್ಲಗಿನ್ ತೆರೆದರೆ ಒಂದು ಸದ್ದೂ ಸಿಗಲಿಲ್ಲ.

"ಅಣ್ಣಾರ, ಎಲ್ಲಾ ಖಾಲಿ ತೋರಸಾಕತ್ತೈತ್ರಿ!"

"ಗಾಬರಿ ಆಗಬ್ಯಾಡ್ರಿ. ಅದು ಇನ್ನೂ ಹಳೇ ಜಾಗಾದಾಗ ಹುಡುಕಾಕತ್ತೈತಿ. ಹೊಸಾ ಡ್ರೈವಿನಾಗ ಯಾವ ಫೋಲ್ಡರ್ ಅಂತ ತೋರಸಬೇಕು, ಅಷ್ಟ."

ಅವನು ತೋರಿಸಿಕೊಟ್ಟ. ಸದ್ದುಗಳ ಹೆಸರುಗಳು ಒಂದೊಂದಾಗಿ ತುಂಬಿಕೊಂಡವು. ದುರ್ಗಾ ಕೀಬೋರ್ಡ್ ಒತ್ತಿದಳು, ಪರದೆಯ ಮೇಲೆ ಸದ್ದಿನ ಮಟ್ಟ ತೋರಿಸುವ ಹಸಿರು ಪಟ್ಟಿ ಎದ್ದು ಇಳಿಯಿತು. ನಯಾಜನಿಗೆ ಕೇಳಿಸಿದ್ದು ಗೋಡೆಯಾಚೆ ಯಾರೋ ಬಾಗಿಲು ಬಡಿದಷ್ಟೇ. ಅದಕ್ಕೇ ಮುಮ್ತಾಜಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಡೊಳ್ಳು ಸರಿ, ತಾಳ ಸರಿ ಎನ್ನುತ್ತ ಬಂದವಳು ಹಲಗೆಗೆ ಬಂದಾಗ ಸ್ಪೀಕರಿಗೆ ಕಿವಿ ಹಚ್ಚಿದಳು.

"ಏನಾತು?"

"ಹಲಗಿ ಹಿಂದ ಮಗ್ಗದ ಸಪ್ಪಳ ಐತ್ರಿ. ಸಣ್ಣಗ, ಟಕ್ ಟಕ್ ಅಂತ."

"ಕಾಪಿ ಮಾಡೋವಾಗ ಕೆಟ್ಟಿರಬೇಕು," ಎಂದು ನಯಾಜ ಹಳೆಯ ಡ್ರೈವಿನಿಂದಲೇ ಅದನ್ನು ಹಾಕಿದ. ಅಲ್ಲೂ ಮಗ್ಗದ ಸದ್ದಿತ್ತು. ಕುರ್ತಕೋಟಿಯ ಹನಮಪ್ಪನನ್ನು ಕರೆಸಿ ಇದೇ ಕೋಣೆಯಲ್ಲಿ ಆ ಹಲಗೆ ಬಾರಿಸಿದ್ದು ಒಂಬತ್ತು ವರ್ಷದ ಹಿಂದೆ. ಓಣಿಯ ಮಗ್ಗಗಳೆಲ್ಲ ನಿಂತಿವೆ ಎಂದು ತಾನೇ ಕಿವಿಗೊಟ್ಟು ಖಾತ್ರಿ ಮಾಡಿಕೊಂಡಿದ್ದ. ಅಂದರೆ ಕಿವಿ ಸೋಲತೊಡಗಿದ್ದು ಈಗ ಅಲ್ಲ, ಆಗಲೇ. ಆಮೇಲೆ ಮಾಡಿಕೊಟ್ಟ ನೂರಾರು ಹಾಡುಗಳಲ್ಲಿ ಏನೇನು ಉಳಿದುಹೋಗಿದೆಯೋ! ಫಕ್ಕೀರವ್ವ ಬಾಯಿಬಿಟ್ಟು ಹೇಳಿದಳು. ಉಳಿದವರು ಮುಲಾಜಿಗೆ ಸುಮ್ಮನಿದ್ದರೋ ಏನೋ.

"ನಿನಗ ಮೊದಲ ಗೊತ್ತಿತ್ತೇನು?" ಎಂದು ಹೆಂಡತಿಯನ್ನು ಕೇಳಿದ.

"ಫಕ್ಕೀರವ್ವ ಬರೋತನಕ ನೀವು ಯಾವತ್ತು ನನ್ನ ಕರದು ಕೇಳಸೀರಿ?" ಅಂದ ಮುಮ್ತಾಜಳ ಕಣ್ಣು ತುಂಬಿ ಬಂದವು.

"ಇರಲಿ ಬಿಡ್ರಿ ಅಣ್ಣಾರ, ಅಷ್ಟೇನ್ ತಿಳಿಯೂದಿಲ್ಲ," ಅಂದಳು ದುರ್ಗಾ.

"ಬ್ಯಾಡ್ರಿ. ಹನಮಪ್ಪಣ್ಣ ಇನ್ನೂ ಗಟ್ಟಿ ಅದಾನ. ನೀವ ಹೊಸದಾಗಿ ತುಂಬಕೋರಿ." ಹಲಗೆಯ ಫೋಲ್ಡರನ್ನು ಎರಡೂ ಡ್ರೈವಿನಿಂದ ತಾನೇ ಅಳಿಸಿದ.

ಮುಂದಿನ ತಿಂಗಳು ಹನಮಪ್ಪನ ಜೊತೆ ನಯಾಜನೂ ಬಸ್ಸಿನಲ್ಲಿ ಮುಂಡರಗಿಗೆ ಹೋದ. ದುರ್ಗಾ ಹೆಡ್‌ಫೋನ್ ಹಾಕಿ ಕೂತಳು, ಅವನು ಗೋಡೆಗೆ ಒರಗಿ ನೋಡುತ್ತಿದ್ದ. ಮೊದಲ ಪೆಟ್ಟು ಮುಗಿಸಿದ ಹನಮಪ್ಪ ರೂಢಿಯಂತೆ ಅವನ ಕಡೆಗೇ ತಿರುಗಿದ.

"ಹೆಂಗಾತೋ ನಯಾಜ?"

ನಯಾಜ ಕೈ ಎತ್ತಿ ದುರ್ಗಾಳನ್ನು ತೋರಿಸಿದ.